ನೆಟೆ ಬಾರದ ತೊಗರಿ ಬೀಜ ಅಂತಾರ. ಆ ಮಾತು ಯಾವ ಹೊಲದಾಗ ಪರೀಕ್ಷೆ ಆಗಿದೆ?

ಮಳಖೇಡ: ರೋಹಿಣಿ ಮಳೆ ಬಿದ್ದರೆ ಸಾಕು, ಸೇಡಂ, ಚಿತ್ತಾಪುರ, ಚಿಂಚೋಳಿಯ ಬೀಜದ ಅಂಗಡಿಗಳ ಮುಂದೆ ಒಂದೇ ಮಾತು: "ನೆಟೆ ಹತ್ತದಂಥ ತೊಗರಿ ಬೀಜ ಯಾವುದೈತಿ, ಅದನ್ನ ಕೊಡ್ರಿ." ಅಂಗಡಿಯವರು ಒಂದು ಚೀಲ ತೋರಿಸುತ್ತಾರೆ. ಚೀಲದ ಮೇಲೆ ಕಾಯಿ ತುಂಬಿದ ಗಿಡದ ಫೋಟೋ, ಹೆಚ್ಚು ಇಳುವರಿ ಅಂತ ದೊಡ್ಡ ಅಕ್ಷರ. ರೈತ ರೊಕ್ಕ ಕೊಟ್ಟು ಹೊರಡುತ್ತಾನೆ. ಆ ತಳಿ ಎಲ್ಲಿ, ಎಷ್ಟು ವರ್ಷ, ಯಾವ ತಳಿಯ ಪಕ್ಕದಲ್ಲಿ ಬೆಳೆದು ಪಾಸಾಗಿದೆ ಅಂತ ಕೇಳುವವರು ಇಲ್ಲ. ಹೇಳುವವರೂ ಇಲ್ಲ.

ಕೇಳದೇ ಇದ್ದರೆ ಏನಾಗುತ್ತದೆ ಅನ್ನೋದು 2022ರ ಹಂಗಾಮಿನಲ್ಲಿ ಜಿಲ್ಲೆಗೆ ಗೊತ್ತಾಗಿದೆ. ಹೂವು, ಕಾಯಿ ಬಿಡುವ ಹೊತ್ತಿಗೆ ನಿಂತ ಗಿಡ ನಿಂತಲ್ಲೇ ಒಣಗಿ ಹೋಯಿತು. ಕಡೆಗೆ ಸರ್ಕಾರ ಹೆಕ್ಟೇರಿಗೆ 10 ಸಾವಿರ ರೂಪಾಯಿ ಪರಿಹಾರ ಘೋಷಿಸಬೇಕಾಯಿತು. ಒಂದು ಹೆಕ್ಟೇರ್ ಅಂದರೆ ಎರಡೂವರೆ ಎಕರೆ. ಲೆಕ್ಕ ಹಾಕಿದರೆ ಎಕರೆಗೆ 4 ಸಾವಿರ. ಬೀಜ, ಗೊಬ್ಬರ, ಎಡೆ ಹೊಡೆದ ಖರ್ಚಿಗೂ ಸಾಲದು.

ತಳಿ ಪರೀಕ್ಷೆ ಅಂದರೆ ಒಂದು ಕಡೆ ಹೊಸ ಬೀಜ, ಇನ್ನೊಂದು ಕಡೆ ಹಳೇ ಬೀಜ ಹಾಕಿ ತೂಗುವುದು ಅಂತ ಬಹಳ ಮಂದಿ ತಿಳಿದಿದ್ದಾರೆ. ನಮ್ಮ ಭಾಗದಲ್ಲಿ ಹಾಗೆ ಮಾಡಿದರೆ ಮೋಸ ಹೋಗೋದು ಗ್ಯಾರಂಟಿ. ಕಾರಣ ನೆಲದ ಕೆಳಗೇ ಇದೆ. ಶಹಾಬಾದ್, ವಾಡಿ, ಮಳಖೇಡದ ಹೊಲಗಳ ಅಡಿಯಲ್ಲಿ ಸುಣ್ಣದ ಕಲ್ಲಿನ ಪದರ. ಒಂದೇ ಹೊಲದಾಗ ಈ ಬದುವಿನ ಕಡೆ ಒಂದು ಮೊಳಕ್ಕೆ ಫರ್ಸಿ ಹತ್ತುತ್ತದೆ, ಆ ಬದುವಿನ ಕಡೆ ಆಳಕ್ಕೆ ಹೋದರೂ ಕಪ್ಪು ಮಣ್ಣೇ. ಕಾಗಿಣಾ ದಂಡೆಯ ತಗ್ಗಿನ ಹೊಲದಾಗ ಮಳೆ ನೀರು ನಿಲ್ಲುತ್ತದೆ, ಏರಿನ ಹೊಲದಾಗ ಎರಡು ದಿನಕ್ಕೆ ಒಣಗುತ್ತದೆ. ಹೊಸ ಬೀಜ ಆಳ ಮಣ್ಣಿಗೆ ಬಿದ್ದು, ಹಳೇ ಬೀಜ ಕಲ್ಲಿನ ಮೇಲೆ ಬಿದ್ದರೆ ಗೆದ್ದದ್ದು ಬೀಜವೋ, ಮಣ್ಣೋ?

ಇದಕ್ಕೇ ಸಂಶೋಧನಾ ಕೇಂದ್ರದವರು ಹೊಲವನ್ನು ಮೊದಲು ಪಟ್ಟಿಗಳಾಗಿ ಕೊಯ್ಯುತ್ತಾರೆ. ಒಂದು ಪಟ್ಟಿಯೊಳಗಿನ ಮಣ್ಣು ಆದಷ್ಟು ಒಂದೇ ನಮೂನೆ ಇರಬೇಕು. ಪ್ರತಿ ಪಟ್ಟಿಯಲ್ಲೂ ಎಲ್ಲಾ ತಳಿಗಳು ಒಂದೊಂದು ಸಲ ಬರಬೇಕು. ಯಾವುದರ ಪಕ್ಕ ಯಾವುದು ಅನ್ನೋದನ್ನು ಚೀಟಿ ಎತ್ತಿದ ಹಾಗೆ ಗೊತ್ತು ಮಾಡಬೇಕು. ಮಾಡುವವರ ಮನಸ್ಸಿಗೆ ಬಂದ ಹಾಗಲ್ಲ. ಇಂಥ ಪಟ್ಟಿ ಮೂರು, ನಾಲ್ಕು ಇರುತ್ತವೆ. ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿದ್ದ ರೊನಾಲ್ಡ್ ಫಿಶರ್ ನೂರು ವರ್ಷದ ಹಿಂದೆ ಕಟ್ಟಿಕೊಟ್ಟ ಪದ್ಧತಿ ಇದು. ಇವತ್ತಿಗೂ ಜಗತ್ತಿನ ತುಂಬ ಇದೇ ನಡೆಯುತ್ತದೆ.

ಮೂರು ಸಲ ಯಾಕೆ? ಉದಾಹರಣೆಗೆ ಹೊಸ ತಳಿ ಹಳೇದಕ್ಕಿಂತ ಎಕರೆಗೆ ಒಂದು ಕ್ವಿಂಟಲ್ ಹೆಚ್ಚು ಕೊಟ್ಟಿತು ಅನ್ನಿ. ಆದರೆ ಹಳೇ ತಳಿಯೇ ಒಂದು ಪಟ್ಟಿಯಿಂದ ಇನ್ನೊಂದು ಪಟ್ಟಿಗೆ ಒಂದೂವರೆ ಕ್ವಿಂಟಲ್ ಏರುಪೇರು ಆಗಿದ್ದರೆ, ಆ ಒಂದು ಕ್ವಿಂಟಲ್ ನಂಬುವುದು ಕಷ್ಟ. ಒಂದೇ ಸಲ ಹಾಕಿದವರಿಗೆ ಈ ಏರುಪೇರು ಕಾಣಿಸುವುದೇ ಇಲ್ಲ. ರಸ್ತೆ ಬದಿಗೆ ಬೋರ್ಡ್ ಹಚ್ಚಿದ ಒಂದು ಪ್ಲಾಟ್ ನೋಡಿ ಬೀಜ ಬುಕ್ ಮಾಡುವವರು ಇದನ್ನು ನೆನಪಿಡಬೇಕು.

ನೆಟೆಯ ಪರೀಕ್ಷೆ ಇನ್ನೂ ಬ್ಯಾರೆ. ರೋಗ ಬರಲಿಲ್ಲ ಅಂದರೆ ತಳಿ ಗಟ್ಟಿ ಅಂತ ಅಲ್ಲ, ಆ ಹೊಲದಾಗ ರೋಗವೇ ಇರಲಿಲ್ಲ ಅಂತಲೂ ಆಗಬಹುದು. ಅದಕ್ಕೆ ಬೇಕೆಂದೇ ರೋಗದ ಹೊಲ ಮಾಡುತ್ತಾರೆ. ನೆಟೆ ತರುವ ಫ್ಯುಸೇರಿಯಂ ಶಿಲೀಂಧ್ರ ಸತ್ತ ಗಿಡದ ಕೂಳೆಯಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಅಂಥ ಕೂಳೆಯನ್ನು ಮಣ್ಣಿಗೆ ಸೇರಿಸಿ, ಅಲ್ಲೇ ಮತ್ತೆ ಮತ್ತೆ ತೊಗರಿ ಹಾಕಿ ನೆಲವನ್ನು ಪೂರ್ತಿ ಕೆಡಿಸುತ್ತಾರೆ. ಹೈದರಾಬಾದ್ ಹತ್ತಿರ ಪಟಾಂಚೆರುವಿನ ಇಕ್ರಿಸ್ಯಾಟ್‌ನಲ್ಲಿ ಇಂಥ ಹೊಲ ಇದೆ. ಪರೀಕ್ಷೆಗೆ ಬಂದ ಸಾಲುಗಳ ನಡುನಡುವೆ ಐಸಿಪಿ 2376 ಅನ್ನುವ, ನೆಟೆಗೆ ತಪ್ಪದೆ ಬೀಳುವ ತೊಗರಿ ಹಾಕುತ್ತಾರೆ. ಅದು ಸತ್ತರೆ ಪರೀಕ್ಷೆ ನಡೆದಿದೆ ಅಂತ ಅರ್ಥ. ಅದೇ ಹಸಿರಾಗಿ ನಿಂತರೆ ಪಕ್ಕದ ಹೊಸ ತಳಿ ಎಷ್ಟು ಚಂದ ನಿಂತರೂ ನಂಬರ್ ಕೊಡೋದಿಲ್ಲ. ನಮ್ಮ ಹೊಲದಾಗ ಗಿಡ ಸಾಯಲಿಲ್ಲ ಅಂದರೆ ಸಿಹಿ ಹಂಚುತ್ತೇವೆ, ಅಲ್ಲಿ ಸಾಯಬೇಕಾದ ಗಿಡ ಸಾಯದಿದ್ದರೆ ವರ್ಷವೇ ದಂಡ.

ಈ ಭಾಗದ ಹಿರಿಯ ರೈತರಿಗೆ ಮಾರುತಿ ತೊಗರಿ ಗೊತ್ತು. ಅದರ ಪರೀಕ್ಷಾ ಹೆಸರು ಐಸಿಪಿ 8863. ಇಂಥ ನೆಟೆ ಹೊಲದಲ್ಲಿ ಗೆದ್ದು 1980ರ ದಶಕದಲ್ಲಿ ಕರ್ನಾಟಕದಲ್ಲಿ ಬಿಡುಗಡೆಯಾಯಿತು, ಕೆಲವೇ ವರ್ಷದಲ್ಲಿ ಜಿಲ್ಲೆಯ ತುಂಬ ಹರಡಿತು. ಆದರೆ ಕಥೆಯ ಇನ್ನೊಂದು ಮಗ್ಗುಲು ಅಂಗಡಿಯಲ್ಲಿ ಯಾರೂ ಹೇಳೋದಿಲ್ಲ. ನುಸಿಯಿಂದ ಹರಡುವ ಗೊಡ್ಡು ರೋಗದ ಪರೀಕ್ಷೆಯಲ್ಲಿ ಇದೇ ಐಸಿಪಿ 8863 ಅನ್ನು ತಪ್ಪದೆ ಬೀಳುವ ಸಾಲಾಗಿ ಹಾಕುತ್ತಾರೆ. ಅಂದರೆ ಒಂದು ಹೊಲದ ಪೈಲ್ವಾನ ಇನ್ನೊಂದು ಹೊಲದಾಗ ಬೇಕೆಂದೇ ಸೋಲಿಸುವ ಗಿಡ. "ರೋಗ ನಿರೋಧಕ" ಅಂತ ಚೀಲದ ಮೇಲೆ ಬರೆದಿದ್ದರೆ, ಯಾವ ರೋಗ ಅಂತ ಕೇಳಲೇಬೇಕು.

ಮುಂದೆ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕಲಬುರಗಿ ಕೇಂದ್ರದಿಂದ ಟಿಎಸ್-3ಆರ್, ಜಿಆರ್‌ಜಿ-811, ಜಿಆರ್‌ಜಿ-152 ಬಂದವು. ಇವು ಹಲವು ಕೇಂದ್ರಗಳಲ್ಲಿ, ಹಲವು ವರ್ಷ ಪರೀಕ್ಷೆ ದಾಟಿದವು. ಒಂದೇ ವರ್ಷ ಸಾಲದು. ಮಳೆ ಒಂದು ವರ್ಷ ಹೆಚ್ಚು, ಒಂದು ವರ್ಷ ಇಲ್ಲ. ಒಂದೇ ಊರೂ ಸಾಲದು, ಯಾಕಂದರೆ ನೆಟೆ ಶಿಲೀಂಧ್ರದಲ್ಲೇ ಬಗೆಗಳಿವೆ. ಒಂದು ಕಡೆ ತಡೆದುಕೊಂಡ ತಳಿ ಇನ್ನೊಂದು ಕಡೆ ಬೀಳಬಹುದು.

ಇಷ್ಟಕ್ಕೇ ಬೇಸರ ಆದವರು ಕಾಫಿ ಕಡೆ ನೋಡಬೇಕು. ಚಿಕ್ಕಮಗಳೂರು ಜಿಲ್ಲೆಯ ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನೆ ನಡೆದಿದೆ. ಅಲ್ಲಿ ಗಿಡ ನೆಟ್ಟು ಮೂರು, ನಾಲ್ಕು ವರ್ಷ ಆದ ಮೇಲೆ ಮೊದಲ ಫಸಲು. ಒಂದು ವರ್ಷ ಹೊರೆ ಕೊಟ್ಟ ಗಿಡ ಮರುವರ್ಷ ಸುಸ್ತಾಗುತ್ತದೆ, ಅದಕ್ಕೆ ಹಲವು ಕೊಯ್ಲುಗಳ ಸರಾಸರಿ ಬೇಕು. ಒಂದು ತಳಿಗೆ ಒಬ್ಬ ಅಧಿಕಾರಿಯ ಸರ್ವಿಸೇ ಮುಗಿಯುತ್ತದೆ. ಅಷ್ಟಾದರೂ ಗ್ಯಾರಂಟಿ ಇಲ್ಲ: 1911ರಲ್ಲಿ ಮೈಸೂರು ಸೀಮೆಯಲ್ಲಿ ಆರಿಸಿದ ಕೆಂಟ್ ತಳಿ ಎಲೆ ತುಕ್ಕು ರೋಗ ತಡೆಯಿತು, ಕೆಲವು ವರ್ಷಕ್ಕೆ ತುಕ್ಕಿನ ಹೊಸ ಬಗೆ ಬಂದು ಅದನ್ನೂ ಬೀಳಿಸಿತು. ತೊಗರಿಯವರಿಗೆ ಪ್ರತಿ ವರ್ಷ ಫಲಿತಾಂಶ ಸಿಗುತ್ತದೆ, ಅದೇ ಪುಣ್ಯ.

ಈಗ ಅಂಗಡಿಯ ಚೀಟಿಗೆ ಬರೋಣ. ನೀಲಿ ಚೀಟಿ ಅಂದರೆ ಪ್ರಮಾಣಿತ ಬೀಜ. ತೊಗರಿಗೆ ಕನಿಷ್ಠ ಮೊಳಕೆ 75, ಶುದ್ಧತೆ 98 ಪರ್ಸೆಂಟ್ ಇರಬೇಕು. ಸರ್ಕಾರ ಅಧಿಸೂಚನೆ ಹೊರಡಿಸಿದ ತಳಿಗೆ ಮಾತ್ರ ಇದು ಸಿಗುತ್ತದೆ, ಅಂದರೆ ಹಿಂದೆ ಒಂದು ಪರೀಕ್ಷೆಯ ದಾಖಲೆ ಇರುತ್ತದೆ. ಕಂಪನಿಯೇ ತನ್ನ ಹೊಣೆಯ ಮೇಲೆ ಲೇಬಲ್ ಹಚ್ಚಿ ಮಾರುವ ಬೀಜಕ್ಕೆ ಆ ಕಡ್ಡಾಯ ಇಲ್ಲ. ಅದೆಲ್ಲ ಕೆಟ್ಟದ್ದು ಅಂತಲ್ಲ. ಆದರೆ ಎರಡೂ ಚೀಟಿ ಮೊಳಕೆಯ ಬಗ್ಗೆ ಹೇಳುತ್ತವೆ, ಸೇಡಂನ ಮಣ್ಣಿನಲ್ಲಿ ನೆಟೆ ತಡೆಯುತ್ತದೋ ಇಲ್ಲವೋ ಹೇಳುವುದಿಲ್ಲ. ಗಿಡ ಒಣಗಿದ ಮೇಲೆ ಜಗಳ ಬರುವುದು ಮಾತ್ರ ಅಂಗಡಿಯ ಕಟ್ಟೆಗೇ. ಹಾಗಾಗಿ ಡೀಲರ್ ಬಂದಾಗ ಪರೀಕ್ಷೆಯ ಕಾಗದ ಕೇಳುವುದರಲ್ಲಿ ರೈತನಿಗಿಂತ ಅಂಗಡಿಯವರ ಸ್ವಾರ್ಥವೇ ಹೆಚ್ಚು.

ಜಿಲ್ಲೆಯ ಪರೀಕ್ಷೆಯಲ್ಲೂ ಒಂದು ಕೊರತೆ ಇದೆ. ಕಲಬುರಗಿ ಕೇಂದ್ರದ ಆಳ ಕಪ್ಪು ನೆಲ ಬೇರೆ, ಶಹಾಬಾದಿನ ಕಲ್ಲು ನೆಲ ಬೇರೆ, ಚಿಂಚೋಳಿಯ ಕೆಂಪು ಮಣ್ಣು ಬೇರೆ. ರೈತರ ಹೊಲಗಳಲ್ಲಿ ಪ್ರಾತ್ಯಕ್ಷಿಕೆ ನಡೆಸುವಾಗ ಇಂಥ ತೆಳು ನೆಲವನ್ನೂ ಆರಿಸಬೇಕು. ರೋಡಿನ ಪಕ್ಕದ, ಬಾವಿ ಇರುವ, ಸಾಹೇಬರ ಜೀಪು ಹೋಗುವ ಹೊಲ ಯಾವಾಗಲೂ ಚೆನ್ನಾಗೇ ಬೆಳೆಯುತ್ತದೆ.

ತಾವೇ ನೋಡಬೇಕು ಅನ್ನುವ ರೈತರು ಎರಡೂ ಬೀಜವನ್ನು ಒಂದೇ ದಿನ ಬಿತ್ತಿ, ನಾಲ್ಕಾರು ಸಾಲಿಗೆ ಒಮ್ಮೆ ಬದಲಿಸುತ್ತ ಹೊಲದ ಮೂರು ಕಡೆ ಹಾಕಬಹುದು. ಕುಡಿ ಚಿವುಟಿದರೆ ಎರಡಕ್ಕೂ ಚಿವುಟಬೇಕು, ಎಣ್ಣೆ ಹೊಡೆದರೆ ಎರಡಕ್ಕೂ ಹೊಡೆಯಬೇಕು. ಬದುವಿನ ಪಕ್ಕದ ಸಾಲು ಲೆಕ್ಕಕ್ಕೆ ಬೇಡ, ಅಲ್ಲಿ ಗಾಳಿ ಬಿಸಿಲು ಹೆಚ್ಚು. ಸತ್ತ ಗಿಡ ಎಣಿಸುವಾಗ ಕಾಂಡ ಸೀಳಿ ನೋಡಬೇಕು. ಒಳಗೆ ಕಪ್ಪು ಗೆರೆ ಇದ್ದರೆ ನೆಟೆ, ಇಲ್ಲದಿದ್ದರೆ ಬೇರು ಕೊಳೆಯೋ ನೀರು ನಿಂತದ್ದೋ ಇರಬಹುದು. ರಾಶಿ ಮಷಿನ್ ಬಂದ ದಿನ ಅವಸರದಲ್ಲಿ ಎರಡೂ ಒಂದೇ ಚೀಲಕ್ಕೆ ಬಿದ್ದರೆ ಆರು ತಿಂಗಳ ಕೆಲಸ ಅಲ್ಲಿಗೇ ಮುಗಿಯಿತು. ಪಕ್ಕಪಕ್ಕ ಬೆಳೆದ ಆ ಕಾಳನ್ನು ಮರುವರ್ಷದ ಬೀಜಕ್ಕೂ ಇಡಬಾರದು: ತೊಗರಿ ಹೂವಿಗೆ ಜೇನುನೊಣ ಬರುತ್ತದೆ, ಎರಡೂ ತಳಿ ಬೆರೆತಿರುತ್ತವೆ.