ಗಾಜು ಮಂಜಾದರೆ ಇಡೀ ಕಿಟಕಿ ಕೀಳಬೇಕೆ?

ಬೆಂಗಳೂರಿನ ಹೊಸ ಅಪಾರ್ಟ್‌ಮೆಂಟುಗಳಲ್ಲಿ ಈಗ ಡಬಲ್ ಗ್ಲಾಸ್ ಕಿಟಕಿಯದೇ ಹವಾ. ಬಳ್ಳಾರಿ ರಸ್ತೆ, ಹೊರ ವರ್ತುಲ ರಸ್ತೆಯ ಬದಿಯಲ್ಲಿ ಫ್ಲಾಟ್ ಮಾರುವವರು ‘ಕಿಟಕಿ ಹಾಕಿದ್ರೆ ಹಾರ್ನ್ ಕೇಳಿಸೋದೇ ಇಲ್ಲ’ ಎಂದು ಕೋಣೆ ತೋರಿಸುವ ಮೊದಲೇ ಶುರುಮಾಡುತ್ತಾರೆ. ಹೆಬ್ಬಾಳ ಮೇಲ್ಸೇತುವೆಗೆ ಮುಖ ಮಾಡಿದ ನಮ್ಮ ಫ್ಲಾಟಿನಲ್ಲೂ ಅದೇ ಕಿಟಕಿ. ಸದ್ದು ಕಡಿಮೆಯಾಗಿದ್ದೇನೋ ನಿಜ. ಆದರೆ ಕಿಟಕಿ ಕೆಟ್ಟರೆ ಏನು ಮಾಡಬೇಕೆಂದು ಮಾರುವಾಗ ಯಾರೂ ಹೇಳುವುದಿಲ್ಲ. ಕೆಟ್ಟ ಮೇಲೆ ಹೇಳುವುದು ಒಂದೇ ಮಾತು: ‘ಪೂರ್ತಿ ಬದಲಾಯಿಸಿಬಿಡಿ.’ ಈ ಮಾತನ್ನು ಒಪ್ಪಬೇಡಿ ಎನ್ನುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮಲ್ಲಿ ಕೆಟ್ಟಿದ್ದು ಪಶ್ಚಿಮ ದಿಕ್ಕಿನ ಮಲಗುವ ಕೋಣೆಯ ಕಿಟಕಿ. ಬೆಳಿಗ್ಗೆ ಎರಡು ಗಾಜುಗಳ ನಡುವೆ ಸಣ್ಣ ಹನಿಗಳು, ಮಧ್ಯಾಹ್ನದ ಹೊತ್ತಿಗೆ ಮಾಯ. ಬರಬರುತ್ತಾ ಕೆಳಮೂಲೆಯಲ್ಲಿ ಬೋರ್‌ವೆಲ್ ನೀರು ಒಣಗಿದ ಬಕೆಟ್ಟಿನಲ್ಲಿರುವಂಥ ಬಿಳಿ ಕಲೆ. ಒಳಗಿನಿಂದ ಒರೆಸಿದರೂ ಹೋಗದು, ಹೊರಗಿನಿಂದ ಒರೆಸಿದರೂ ಹೋಗದು. ರೋಗ ಗುರುತಿಸಲು ಇಷ್ಟು ಸಾಕು. ತೇವ ಕೋಣೆಯ ಕಡೆ ಇದ್ದರೆ ಗಾಳಿಯಾಡುತ್ತಿಲ್ಲ ಎಂದರ್ಥ. ಮಳೆಗಾಲದಲ್ಲಿ ಎ.ಸಿ. ಹಾಕಿದಾಗ ಹೊರಮೈ ಬೆವರಿದರೆ ಅದು ಕಿಟಕಿಯ ದೋಷವಲ್ಲ. ಬಟ್ಟೆಗೆ ಸಿಗದ ಜಾಗದಲ್ಲಿ ತೇವ ಇದ್ದರೆ ಮಾತ್ರ ಸೀಲ್ ಹೋಗಿದೆ ಎಂದು ತಿಳಿಯಬೇಕು.

ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು. ಇದರ ಕಾರಣ ಪ್ರಥಮ ಪಿಯು ಮಕ್ಕಳಿಗೂ ಅರ್ಥವಾಗುವಂಥದ್ದು. ಎರಡು ಗಾಜುಗಳ ನಡುವೆ ಅಂಚಿನಲ್ಲಿ ಸುತ್ತಲೂ ಅಲ್ಯೂಮಿನಿಯಂ ಪಟ್ಟಿ ಇರುತ್ತದೆ. ಅದರ ಟೊಳ್ಳಿನಲ್ಲಿ ತೇವ ಹೀರುವ ಸಣ್ಣ ಮಣಿಗಳು. ಪಟ್ಟಿಗೂ ಗಾಜಿಗೂ ನಡುವೆ ಬ್ಯುಟೈಲ್ ಅಂಟು, ಅದರ ಹೊರಗೆ ಇನ್ನೊಂದು ಸೀಲೆಂಟು. ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಗಾಜನ್ನು ತಳ್ಳುತ್ತದೆ, ರಾತ್ರಿ ಕುಗ್ಗಿ ಎಳೆಯುತ್ತದೆ. ದಿನವೂ ಇದೇ ಕಥೆಯಾದರೆ ಅಂಟು ಎಲ್ಲೋ ಒಂದು ಕಡೆ ಬಿಡುತ್ತದೆ, ತೇವ ನುಸುಳುತ್ತದೆ. ಮಣಿಗಳು ಹೀರುವಷ್ಟು ದಿನ ಹೀರಿ ಸುಸ್ತಾದ ಮೇಲೆ ಮಂಜು ಕಾಣಿಸಿಕೊಳ್ಳುತ್ತದೆ. ಸಮುದ್ರಮಟ್ಟದ ಊರಿನಲ್ಲಿ ಸೀಲ್ ಮಾಡಿದ ಗಾಜನ್ನು 900 ಮೀಟರ್ ಎತ್ತರದ ಬೆಂಗಳೂರಿಗೆ ಹಾಗೇ ತಂದರಂತೂ ಕಷ್ಟ. ಇಲ್ಲಿ ವಾಯುಭಾರ ಸುಮಾರು ಶೇ 10ರಷ್ಟು ಕಡಿಮೆ. ಗಾಜು ಹೊರಕ್ಕೆ ಉಬ್ಬಿ, ಅಂಟಿನ ಮೇಲೆ ಮೊದಲ ದಿನದಿಂದಲೇ ಒತ್ತಡ.

ಕೆಲಸಗಾರರ ಕೈಯಲ್ಲೂ ಕಿಟಕಿ ಕೆಡುತ್ತದೆ. ಯುಪಿವಿಸಿ ಚೌಕಟ್ಟಿನ ಹೊರಗಡೆ, ಕೆಳಭಾಗದಲ್ಲಿ ನೀರು ಹರಿದುಹೋಗಲೆಂದು ಸಣ್ಣ ಸೀಳುಗಳಿರುತ್ತವೆ. ನಮ್ಮ ಕಿಟಕಿಯಲ್ಲಿ ಅವುಗಳ ಮೇಲೆ ಪೇಂಟಿಂಗಿನವರು ಪುಟ್ಟಿ ಎಳೆದಿದ್ದರು. ಮಳೆನೀರು ಒಳಗೇ ನಿಂತು ಗಾಜಿನ ಅಂಚು ಸದಾ ನೆನೆಯುತ್ತಿತ್ತು. ಒಂದು ಕಡ್ಡಿಯಿಂದ ಕೆದಕಿದಾಗ ಕಪ್ಪು ನೀರು ಧಾರೆಯಾಗಿ ಇಳಿಯಿತು. ಇನ್ನೂ ಒಂದು ಚಾಳಿಯಿದೆ: ನೀರು ಸೋರುತ್ತದೆಂದು ಬಚ್ಚಲಿಗೆ ಹಾಕುವ, ವಿನೆಗರ್ ವಾಸನೆಯ ಸಿಲಿಕೋನನ್ನು ಗಾಜಿನ ಅಂಚಿಗೆ ಮೆತ್ತುವುದು. ಅದು ಒಳಗಿನ ಅಂಟನ್ನು ಕೆಡಿಸಬಲ್ಲದು.

ಕಿಟಕಿ ಹಾಕಿದ ಕಂಪನಿಯ ಹುಡುಗ ಬಂದು ನೋಡಿ, ‘ಮೇಡಂ, ಗ್ಯಾಸ್ ಹೋಗಿದೆ, ಇನ್ಮೇಲೆ ಸೌಂಡೂ ಜಾಸ್ತಿ ಬರುತ್ತೆ, ಫ್ರೇಮ್ ಸಮೇತ ತೆಗೀಬೇಕು’ ಎಂದ. ಹತ್ತು ವರ್ಷದ ವಾರಂಟಿ ಇದೆಯಲ್ಲಪ್ಪಾ ಎಂದರೆ, ‘ಅದು ಪ್ರೊಫೈಲಿಗೆ ಮೇಡಂ, ಗ್ಲಾಸಿಗಲ್ಲ.’ ಚೌಕಟ್ಟಿಗೆ ಏನೂ ಆಗಿರಲಿಲ್ಲ. ಗಾಜು ಕೆಟ್ಟಿದ್ದಕ್ಕೆ ಚೌಕಟ್ಟು ಕೀಳುವುದು, ಚೌಕಟ್ಟಿಗೆ ವಾರಂಟಿ ಇದ್ದರೆ ಗಾಜಿಗೆ ಇಲ್ಲ ಎನ್ನುವುದು, ಎರಡೂ ಒಂದೇ ಬಾಯಲ್ಲಿ!

ಸದ್ದಿನ ಮಾತಂತೂ ಬರೀ ಹೆದರಿಕೆ ಹುಟ್ಟಿಸುವುದಕ್ಕೆ. ನಡುವೆ ಮಂಜು ಕಟ್ಟಿದರೆ ಹೊರಗಿನ ಗದ್ದಲ ಹೇಳಿಕೊಳ್ಳುವಷ್ಟು ಹೆಚ್ಚುವುದಿಲ್ಲ. ಸದ್ದು ನುಗ್ಗುವುದು ಸವೆದ ಗ್ಯಾಸ್ಕೆಟ್, ಸ್ಲೈಡಿಂಗ್ ಕಿಟಕಿಯ ಬ್ರಷ್ ಪಟ್ಟಿಯ ಸಂದಿನಿಂದ. ತೂತು ಕೊರೆದು ಒಣಗಿಸುತ್ತೇವೆ ಎಂದು ಬರುವವರಿಗೂ ಕೈಮುಗಿದು ಕಳುಹಿಸಿ. ಎತ್ತರದ ಮಹಡಿಗಳಲ್ಲಿ ಸಾಮಾನ್ಯವಾಗಿ ಟಫನ್ಡ್ ಗಾಜು ಇರುತ್ತದೆ. ಡ್ರಿಲ್ ಹಿಡಿದರೆ ಚೂರುಚೂರಾಗುತ್ತದೆ.

ಸರಿಯಾದ ದಾರಿ ಸರಳವಾಗಿದೆ. ಗಾಜನ್ನು ಚೌಕಟ್ಟಿನಲ್ಲಿ ಹಿಡಿದಿಡುವುದು ಬೀಡಿಂಗ್ ಪಟ್ಟಿ. ಅದನ್ನು ಬಿಚ್ಚಿ, ಜೋಡಿಗಾಜಿನ ಯೂನಿಟ್ ಮಾತ್ರ ತೆಗೆದು, ಹೊಸದನ್ನು ಕೂರಿಸಬಹುದು. ಉದ್ದ, ಅಗಲ, ಒಟ್ಟು ದಪ್ಪ ಮಿಲಿಮೀಟರ್ ಲೆಕ್ಕದಲ್ಲಿ ಸರಿಯಿರಬೇಕು. 6 ಮಿ.ಮೀ. ಗಾಜು, 12 ಮಿ.ಮೀ. ಅಂತರ, ಮತ್ತೆ 6 ಮಿ.ಮೀ. ಗಾಜು ಎಂದರೆ ಒಟ್ಟು 24. ದಪ್ಪ ಬದಲಾದರೆ ಬೀಡಿಂಗ್ ಕೂರುವುದಿಲ್ಲ. ಟಫನ್ಡ್ ಗಾಜನ್ನು ಆಮೇಲೆ ಕತ್ತರಿಸಲೂ ಬರುವುದಿಲ್ಲ. ನೀರಿನ ಸೀಳುಗಳನ್ನು ಅದೇ ದಿನ ಬಿಡಿಸಿಕೊಳ್ಳಬೇಕು, ಇಲ್ಲದಿದ್ದರೆ ಹೊಸ ಗಾಜಿಗೂ ಅದೇ ಗತಿ. ಮಹಡಿ ಮೇಲಿನ ಕೆಲಸವಾದ್ದರಿಂದ ಸ್ವಂತ ಕೈಯಿಂದ ಮಾಡುವ ಸಾಹಸ ಬೇಡ.

ದುಡ್ಡು ಯಾರು ಕೊಡಬೇಕು? ಬಿಲ್ಡರೇ ಹಾಕಿಕೊಟ್ಟ ಕಿಟಕಿಯಾದರೆ ಕಾನೂನು ನಿಮ್ಮ ಕಡೆಗಿದೆ. 2016ರ ರೇರಾ ಕಾಯ್ದೆಯ ಸೆಕ್ಷನ್ 14(3) ಗೋಡೆ, ಕಂಬಗಳಿಗಷ್ಟೇ ಅಲ್ಲ, ಕೆಲಸದ ಗುಣಮಟ್ಟದ ದೋಷಗಳಿಗೂ ಅನ್ವಯಿಸುತ್ತದೆ. ಮನೆ ಸ್ವಾಧೀನಕ್ಕೆ ಕೊಟ್ಟ 5 ವರ್ಷದೊಳಗೆ ದೋಷವನ್ನು ಗಮನಕ್ಕೆ ತಂದರೆ 30 ದಿನದಲ್ಲಿ ಪುಕ್ಕಟೆಯಾಗಿ ಸರಿಪಡಿಸುವುದು ಬಿಲ್ಡರ್ ಹೊಣೆ. ಮಾಡದಿದ್ದರೆ ಪರಿಹಾರ ಕೇಳಬಹುದು. ನೀವೇ ಹಾಕಿಸಿಕೊಂಡ ಕಿಟಕಿಯಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಿದೆ. ದೂರಿನ ಕಾರಣ ಹುಟ್ಟಿದ 2 ವರ್ಷದೊಳಗೆ ಜಿಲ್ಲಾ ಆಯೋಗಕ್ಕೆ ಹೋಗಬಹುದು. ಮೊದಲು 1915 ಸಹಾಯವಾಣಿಗೆ ಕರೆ ಮಾಡಿ ನೋಡಬಹುದು. ನಮ್ಮ ಜನ ಗೋಡೆ ಬಿರುಕಿಗೆ ಜಗಳ ಕಾಯುತ್ತಾರೆ, ಮಂಜಾದ ಗಾಜಿಗೆ ಮಾತ್ರ ‘ಹೋಗಲಿ ಬಿಡು, ಪರದೆ ಎಳೆದರಾಯ್ತು’ ಎಂದು ಸುಮ್ಮನಾಗುತ್ತಾರೆ. ಐದು ವರ್ಷ ಕಳೆಯುವುದು ಹೀಗೆಯೇ.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಪಶ್ಚಿಮದ ಸಾಲಿನ ಹಲವು ಮನೆಗಳದ್ದೂ ಇದೇ ಗೋಳು ಎಂದು ಸಂಘದ ಸಭೆಯಲ್ಲಿ ಗೊತ್ತಾಯಿತು. ಎಲ್ಲರೂ ಸೇರಿ ಫೋಟೊ, ದಿನಾಂಕ ಸಮೇತ ಒಂದೇ ಪತ್ರ ಬರೆದಾಗ, ಅಲ್ಲಿಯವರೆಗೆ ಫೋನ್ ಎತ್ತದಿದ್ದ ಬಿಲ್ಡರ್ ಕಡೆಯವರು ಅಳತೆ ತೆಗೆದುಕೊಳ್ಳಲು ಬಂದರು. ಬದಲಾದದ್ದು ಗಾಜು ಮಾತ್ರ. ಚೌಕಟ್ಟುಗಳು ಹಳೆಯವೇ, ಗಟ್ಟಿಯಾಗಿವೆ.

ಆದ್ದರಿಂದ ಕಿಟಕಿ ಕೊಳ್ಳುವವರು ಗಾಜಿನ ಸೀಲಿಗೆ ಎಷ್ಟು ವರ್ಷದ ವಾರಂಟಿ ಎಂದು ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಈಗಾಗಲೇ ಮಂಜು ಕಟ್ಟಿದ್ದರೆ ಹೊಸ ಕಿಟಕಿಯ ಕೊಟೇಶನ್ ತರಿಸುವ ಮೊದಲು ಮನೆಯ ಸ್ವಾಧೀನ ಪತ್ರ ಹುಡುಕಿ, ಅದರ ಮೇಲಿನ ದಿನಾಂಕ ನೋಡಿ. ಐದು ವರ್ಷ ತುಂಬಿರದಿದ್ದರೆ ಇವತ್ತೇ ಪತ್ರ ಬರೆಯಿರಿ.