ಬಿಸಿ ಆಲೂಗಡ್ಡೆ ಊರು ಸೇರಿತೆ?

ಆಗಷ್ಟೇ ಬೆಂದ ಆಲೂಗಡ್ಡೆಯನ್ನು ಯಾರಾದರೂ ನಿಮ್ಮ ಅಂಗೈಗೆ ಹಾಕಿದರೆ ಏನು ಮಾಡುತ್ತೀರಿ? ತಕ್ಷಣ ಪಕ್ಕದವರತ್ತ ಎಸೆಯುತ್ತೀರಿ. ಅದನ್ನು ಕೈಯಲ್ಲಿ ಹಿಡಿದುಕೊಂಡು ಯೋಚಿಸುತ್ತ ನಿಲ್ಲುವುದಿಲ್ಲ. ಅಮೆರಿಕದ ರ‍್ಯಾಂಡ್ ಸಂಸ್ಥೆಯಲ್ಲಿದ್ದ ಪಾಲ್ ಬರಾನ್ 1964ರಲ್ಲಿ ಸಂಪರ್ಕ ಜಾಲಗಳ ಬಗ್ಗೆ ಪ್ರಕಟಿಸಿದ ವರದಿಗಳಲ್ಲಿ ಇದೇ ಉಪಾಯವಿತ್ತು. ಕೈಗೆ ಬಂದ ಸಂದೇಶವನ್ನು ಆದಷ್ಟು ಬೇಗ ಸಾಗಹಾಕು. ಒಳ್ಳೆಯ ದಾರಿ ತೆರವಿಲ್ಲದಿದ್ದರೆ ಬೇರೊಂದು ದಾರಿಯಲ್ಲಾದರೂ ಕಳಿಸು. ಇದಕ್ಕೆ ‘ಬಿಸಿ ಆಲೂಗಡ್ಡೆ’ ಎಂದೇ ಹೆಸರಾಯಿತು.

ಈ ಉಪಾಯ ಈಗ ಸಿಲಿಕಾನ್ ಚಿಪ್‌ನ ಒಳಗೂ ಕಾಲಿಟ್ಟಿದೆ. 2007ರಲ್ಲಿ ಇಂಟೆಲ್ ಸಂಸ್ಥೆ ಒಂದೇ ಚಿಪ್‌ನಲ್ಲಿ 80 ಸಂಸ್ಕಾರಕಗಳನ್ನು ಚದುರಂಗದ ಮನೆಗಳಂತೆ ಜೋಡಿಸಿ ತೋರಿಸಿತು. ಅದರ ವಿನ್ಯಾಸದಲ್ಲಿ ಬೆಂಗಳೂರಿನ ಎಂಜಿನಿಯರುಗಳ ಪಾಲೂ ಇತ್ತು. ಪ್ರತಿ ಮನೆಗೂ ಒಂದು ರೌಟರ್. ಮನೆಯೊಂದು ಬಳಸುವ ವಿದ್ಯುತ್ತಿನಲ್ಲಿ ಸುಮಾರು ಶೇಕಡಾ 28ರಷ್ಟು ಈ ಪರಸ್ಪರ ಮಾತುಕತೆಗೇ ಖರ್ಚಾಗುತ್ತಿತ್ತು. ಇಂಥ ಚಿಪ್‌ಗಳ ರೌಟರಿನಲ್ಲಿ ಸಂದೇಶದ ತುಣುಕುಗಳು ಸರದಿಗಾಗಿ ಕಾಯಲೆಂದು ‘ಬಫರ್’ ಎಂಬ ತಂಗುದಾಣಗಳಿರುತ್ತವೆ. ಅವು ಜಾಗವನ್ನೂ ತಿನ್ನುತ್ತವೆ, ವಿದ್ಯುತ್ತನ್ನೂ ತಿನ್ನುತ್ತವೆ. ತಂಗುದಾಣವನ್ನೇ ಕಿತ್ತುಹಾಕಿದರೆ ಹೇಗೆ? 2009ರಲ್ಲಿ ಥಾಮಸ್ ಮೊಸ್ಚಿಬ್ರೋಡಾ ಮತ್ತು ಓನುರ್ ಮುತ್ಲು ಈ ಪ್ರಶ್ನೆಯನ್ನೆತ್ತಿ ‘ಬ್ಲೆಸ್’ ಎಂಬ ವಿಧಾನವನ್ನು ಮುಂದಿಟ್ಟರು.

ಅದರ ನಿಯಮಗಳು ಸರಳ. ಗಡಿಯಾರದ ಪ್ರತಿ ಮಿಡಿತಕ್ಕೂ ರೌಟರಿಗೆ ಬಂದ ತುಣುಕುಗಳೆಲ್ಲ ಹೊರಟುಬಿಡಬೇಕು. ಒಳಬರುವ ದಾರಿಗಳೆಷ್ಟೋ ಹೊರಹೋಗುವ ದಾರಿಗಳೂ ಅಷ್ಟೇ ಇರುವುದರಿಂದ ಎಲ್ಲಕ್ಕೂ ಒಂದೊಂದು ದಾರಿ ಸಿಕ್ಕೇ ಸಿಗುತ್ತದೆ. ಮೂಲೆಯ ಮನೆಗೆ ಎರಡು, ಅಂಚಿನ ಮನೆಗೆ ಮೂರು, ಉಳಿದವಕ್ಕೆ ನಾಲ್ಕು. ಇಬ್ಬರಿಗೆ ಒಂದೇ ದಾರಿ ಬೇಕಾದರೆ ಜಾಲಕ್ಕೆ ಮೊದಲು ಬಂದ ತುಣುಕಿಗೆ ಆದ್ಯತೆ. ಕಿರಿಯದು ಸುತ್ತುಬಳಸಿನ ದಾರಿ ಹಿಡಿಯುತ್ತದೆ. ಹೊಸ ತುಣುಕು ಒಳಗೆ ಬರಬೇಕಾದರೆ ಒಂದು ಸ್ಥಾನ ಖಾಲಿ ಇರಲೇಬೇಕು.

ಹಿರಿಯರಿಗೆ ಮೊದಲ ಮಣೆ ಏಕೆ? ಅದಿಲ್ಲದಿದ್ದರೆ ಪಾಪದ ತುಣುಕೊಂದು ಊರು ಸೇರದೆ ಸುತ್ತುತ್ತಲೇ ಇರಬಹುದು. ಇಡೀ ಜಾಲದಲ್ಲಿ ಎಲ್ಲಕ್ಕಿಂತ ಹಿರಿಯ ತುಣುಕನ್ನು ಯಾರೂ ಪಕ್ಕಕ್ಕೆ ತಳ್ಳುವಂತಿಲ್ಲ. ಅದು ನೇರ ಊರು ಸೇರುತ್ತದೆ. ಆಮೇಲೆ ಮುಂದಿನದು ಹಿರಿಯನಾಗುತ್ತದೆ. ಹೀಗೆ ಪ್ರತಿಯೊಂದಕ್ಕೂ ಸರದಿ ಬರುತ್ತದೆ. ವಯಸ್ಸು ಸಮನಾಗಿದ್ದರೆ ಹೊರಟ ಮನೆಯ ಸಂಖ್ಯೆ ನೋಡಿ ತೀರ್ಮಾನಿಸಿದರಾಯಿತು.

ಇದನ್ನು ಪರೀಕ್ಷಿಸಲು ಚಿಪ್ ತಯಾರಿಸಬೇಕಾಗಿಲ್ಲ. ಚಿಪ್‌ನ ವರ್ತನೆಯನ್ನು ಅನುಕರಿಸುವ ಸಿಮ್ಯುಲೇಟರ್ ಪ್ರೋಗ್ರಾಂ ಸಾಕು. ಬುಕ್‌ಸಿಮ್, ನಾಕ್ಸಿಮ್‌ನಂಥವು ಉಚಿತವಾಗಿಯೇ ದೊರೆಯುತ್ತವೆ. ಆದರೆ ಅವು ಬಫರ್ ಇದ್ದೇ ಇದೆ ಎಂದು ನಂಬಿ ಬರೆದಂಥವು. ಆದ್ದರಿಂದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮೊದಲು ನಾಲ್ಕು ಸಾಲು, ನಾಲ್ಕು ಕಂಬದ ಪುಟ್ಟ ಜಾಲವೊಂದನ್ನು ತಾವೇ ಬರೆದು ನೋಡುವುದು ಲೇಸು.

ಇಲ್ಲೊಂದು ಗುಂಡಿ ಕಾದಿರುತ್ತದೆ. ರೌಟರುಗಳನ್ನು ಒಂದಾದ ಮೇಲೊಂದರಂತೆ ಲೆಕ್ಕ ಹಾಕುವಾಗ, ಮೊದಲನೆಯದು ಕಳಿಸಿದ ತುಣುಕನ್ನು ಎರಡನೆಯದು ಅದೇ ಮಿಡಿತದಲ್ಲಿ ಮುಂದಕ್ಕೆ ದಾಟಿಸಿಬಿಡಬಹುದು. ತುಣುಕು ಒಂದೇ ನೆಗೆತಕ್ಕೆ ಸಾಲು ದಾಟುತ್ತದೆ! ಪ್ರೋಗ್ರಾಂ ನಿಲ್ಲುವುದಿಲ್ಲ, ತಪ್ಪೆಂದು ಹೇಳುವುದೂ ಇಲ್ಲ. ವಿಳಂಬ ತೀರ ಕಡಿಮೆಯೆಂದು ಸುಂದರವಾದ ಗ್ರಾಫ್ ಬರೆದುಕೊಡುತ್ತದೆ. ಜಾಲದ ಹಳೆಯ ಸ್ಥಿತಿ, ಹೊಸ ಸ್ಥಿತಿ ಎಂದು ಎರಡು ಪ್ರತಿ ಇಟ್ಟುಕೊಂಡು, ಹಳೆಯದನ್ನು ನೋಡಿ ಹೊಸದನ್ನು ಬರೆದು, ಎಲ್ಲ ಮುಗಿದ ಮೇಲೆ ಒಟ್ಟಿಗೇ ಬದಲಿಸುವುದೇ ಇದಕ್ಕೆ ಮದ್ದು.

ಸರಿ ಬಂದಿದೆಯೆಂದು ತಿಳಿಯುವುದು ಹೇಗೆ? ಕೈಯಲ್ಲೇ ಲೆಕ್ಕ ಹಾಕಬಹುದಾದ ಮೂರು ಪರೀಕ್ಷೆಗಳಿವೆ. ಒಂದು, ಯಾವ ಮಿಡಿತದಲ್ಲಿ ನೋಡಿದರೂ ಹೊರಟ ತುಣುಕುಗಳ ಸಂಖ್ಯೆ ತಲುಪಿದವು ಮತ್ತು ದಾರಿಯಲ್ಲಿರುವವುಗಳ ಮೊತ್ತಕ್ಕೆ ಸಮನಾಗಿರಬೇಕು. ಎರಡು, ಪ್ರತಿ ಸಲ ಪಕ್ಕಕ್ಕೆ ಸರಿದಾಗಲೂ ತುಣುಕು ಗುರಿಯಿಂದ ಒಂದು ಹೆಜ್ಜೆ ದೂರವಾಗುತ್ತದೆ. ಅದನ್ನು ಸರಿದೂಗಿಸಲು ಇನ್ನೊಂದು ಹೆಜ್ಜೆ ಬೇಕು. ಆದ್ದರಿಂದ 5 ಹೆಜ್ಜೆ ದೂರದ ಮನೆಗೆ ಹೊರಟದ್ದು ಎರಡು ಸಲ ದಾರಿ ತಪ್ಪಿದರೆ ಒಟ್ಟು 9 ಹೆಜ್ಜೆ ಇಟ್ಟಿರಲೇಬೇಕು. 8 ಬಂದರೂ ತಪ್ಪು, 10 ಬಂದರೂ ತಪ್ಪು. ಮೂರು, ಎಲ್ಲಕ್ಕಿಂತ ಹಿರಿಯ ತುಣುಕು ಎಂದೂ ಪಕ್ಕಕ್ಕೆ ಸರಿದಿರಬಾರದು.

ಇನ್ನೊಂದು ಮಾತು. ಜಾಲದಲ್ಲಿ ದಟ್ಟಣೆ ಏರಿದಂತೆ ಸುತ್ತಾಟ ಹೆಚ್ಚುತ್ತದೆ, ಸುತ್ತಾಟದಿಂದ ದಟ್ಟಣೆ ಮತ್ತಷ್ಟು ಏರುತ್ತದೆ. ಆಗ ಬಫರ್ ಇರುವ ಜಾಲವೇ ಮೇಲು. ನಿಮ್ಮ ಗ್ರಾಫ್‌ನಲ್ಲಿ ಬಫರ್ ಇಲ್ಲದ್ದೇ ಎಲ್ಲೆಡೆ ಗೆದ್ದಿದ್ದರೆ ಹಿಗ್ಗಬೇಡಿ, ಪ್ರೋಗ್ರಾಂ ಮತ್ತೊಮ್ಮೆ ತಿರುವಿ ನೋಡಿ.

ಕೊನೆಯ ವರ್ಷದ ಪ್ರಾಜೆಕ್ಟ್ ಹೊತ್ತಿಗೆ ಸಿದ್ಧ ಪ್ರೋಗ್ರಾಂ, ಸಿದ್ಧ ವರದಿ ದುಡ್ಡಿಗೆ ಸಿಗುತ್ತವೆ ಎಂಬುದು ಗುಟ್ಟೇನಲ್ಲ. ಅದರಲ್ಲಿ ಗ್ರಾಫ್ ಇರುತ್ತದೆ. ಅದು ಏಕೆ ಸರಿ ಎಂಬ ಉತ್ತರ ಮಾತ್ರ ಕೊಂಡವರ ಬಳಿ ಇರುವುದಿಲ್ಲ. ಸಂದರ್ಶನದಲ್ಲಿ ಕೇಳುವುದು ಅದನ್ನೇ. ತಂದೆತಾಯಂದಿರಿಗೆ ಚಿಪ್ ವಿನ್ಯಾಸ ಗೊತ್ತಿರಬೇಕಾಗಿಲ್ಲ. ಮಗನೋ ಮಗಳೋ ಪ್ರಾಜೆಕ್ಟ್ ಮುಗಿಯಿತೆಂದು ಬಂದಾಗ ‘ಎಷ್ಟು ಅಂಕ ಬರುತ್ತದೆ?’ ಎನ್ನುವ ಬದಲು ‘ಇದು ಸರಿಯೆಂದು ನಿನಗೆ ಹೇಗೆ ಗೊತ್ತಾಯಿತು?’ ಎಂದು ಕೇಳಿ. ಒಂದು ಹಾಳೆ, ಪೆನ್ಸಿಲ್ ಹಿಡಿದು ಐದು ನಿಮಿಷ ವಿವರಿಸಲು ಬಂದರೆ ವರ್ಷದ ಶ್ರಮ ಸಾರ್ಥಕವೆಂದು ತಿಳಿಯಬಹುದು.