ಮಾವೋರ ದಾಡಿಗಿ ಖುಷ್ಬು ಕ್ರೀಮ್ ಯಾಕ ಬ್ಯಾಡ?

ಅಕ್ಕಗೋಳೆ, ತಂಗಿಗೋಳೆ, ನಮ್ಮ ಮನಿಗಳಾಗ ಒಂದು ರೂಢಿ ಅದ, ನೀವೂ ನೋಡಿರ್ತೀರಿ. ಡ್ಯೂಟಿಗಿ ಹೋಗೋ ಮಗನಿಗಿ ಘಮಾಘಮಾ ಅನ್ನೋ ದಾಡಿ ಕ್ರೀಮು, ಮ್ಯಾಲ ಹಚ್ಚಿಕೊಳ್ಳಾಕ ಲೋಶನ್ನು. ಹಾಸಿಗಿ ಹಿಡಿದ ಮುದುಕರಿಗಿ ಮೈ ತೊಳೆಯೋ ಸೋಪಿನ ತುಂಡು. "ಅವರಿಗಿ ಎಲ್ಲಿ ಹೋಗೋದದ, ಯಾರು ನೋಡ್ತಾರ" ಅಂತೀವಿ. ನನ್ನ ಕೇಳಿದ್ರ ಈ ಲೆಕ್ಕ ಉಲ್ಟಾ ಅದ. ಮನಿಯಾಗ ಖುಷ್ಬು ಕ್ರೀಮು ಮೊದಲು ಬೇಕಾಗಿದ್ದು ಹಾಸಿಗಿ ಮ್ಯಾಲ ಇರೋರಿಗೇ.

ಹಿಂದಕ್ಕ ಈ ಕೆಲಸ ನಮ್ಮ ಕೈಗಿ ಬರ್ತಿದ್ದಿಲ್ಲ. ಔರಾದ ಕಡಿ ಹಳ್ಳಿದಾಗ ನನ್ನ ತವರಮನಿ. ಅಲ್ಲಿ ಹಡಪದ ಮನೆತನದ ಹಿರಿಯರು ಮನಿಗೇ ಬಂದು ಕಟ್ಟಿ ಮ್ಯಾಲ ಕುಂಡ್ರಿಸಿ ದಾಡಿ ಮಾಡ್ತಿದ್ದರು. ಸುಗ್ಗಿಯಾಗ ರಾಶಿ ಆದ ಮ್ಯಾಲ ಅವರಿಗಿ ಜೋಳ ಅಳದು ಕೊಡೋದು, ಅದಕ್ಕ ಆಯ ಅಂತಿದ್ದರು. ಈಗ ಆ ಪದ್ಧತಿ ಹೋಗ್ಯಾದ, ಹೋಗಿದ್ದು ಒಳ್ಳೇದೇ ಆಯ್ತು. ಅವರ ಮಕ್ಕಳು ಓದಿ ನೌಕರಿ ಹಿಡಿದಾರ, ಇಲ್ಲಾ ಪ್ಯಾಟಿದಾಗ ಸ್ವಂತ ದುಕಾನ ಇಟ್ಟಾರ. ಆದ್ರ ಲಕ್ವಾ ಹೊಡದೋರನ್ನ ದುಕಾನಿಗಿ ಎತ್ಕೊಂಡು ಒಯ್ಯೋದು ಹೆಂಗ? ಹಿಂಗಾಗಿ ರೇಜರು ಸೊಸಿ ಕೈಗಿ ಬಂತು. ನಮ್ಮ ಮಾವೋರಿಗಿ ಬಲಗಡಿ ಬಿದ್ದು ಎರಡು ವರ್ಷ ಆಯ್ತು, ಅವರ ದಾಡಿ ನಾನೇ ಮಾಡ್ತೀನಿ.

ಮಾವನ ಮುಂದ ತಲಿ ಮ್ಯಾಲಿನ ಸೆರಗು ಜಾರಬಾರದು ಅಂತ ಕಲಿತು ಬೆಳೆದೋರು ನಾವು. ಈಗ ಅದೇ ಮಾವನ ಗದ್ದ ಹಿಡಿದು ಎತ್ತಬೇಕು. ನಮಗ ನಾಚಿಕಿ, ಅವರಿಗಿ ನಮಗಿಂತ ಜಾಸ್ತಿ. ಅದಕ್ಕೇ ಭಾಳ ಮಂದಿ ಲಗೂ ಲಗೂ ಸೋಪು ಹಚ್ಚಿ, ಕೆರದು, ಮುಗಸಿ ಬಿಡ್ತಾರ. ಇದರಾಗ ನಾಚಿಕಿ ಬ್ಯಾಡ ಅಂತೀನಿ. ಬಸವಕಲ್ಯಾಣ ನಮ್ಮ ಬೀದರ ಜಿಲ್ಲಾದಾಗೇ ಅದ. 12ನೇ ಶತಮಾನದಾಗ ಅಲ್ಲಿ ಬಸವಣ್ಣೋರ ಜೋಡಿ ಇದ್ದ ಹಡಪದ ಅಪ್ಪಣ್ಣನೋರು, ಅವರ ಹೆಂಡತಿ ಲಿಂಗಮ್ಮನೋರು, ಇಬ್ಬರೂ ವಚನ ಬರದೋರು. ಕ್ಷೌರದ ಕಾಯಕದೋರು ಇವತ್ತಿಗೂ ಅಪ್ಪಣ್ಣನೋರನ್ನ ತಮ್ಮ ಹಿರಿಯರು ಅಂತ ಪೂಜಾ ಮಾಡ್ತಾರ. ಅಂಥಾ ನೆಲದಾಗ ಹುಟ್ಟಿ, ಒಬ್ಬರ ಮುಖ ಸ್ವಚ್ಛ ಮಾಡೋ ಕೆಲಸ ಕೀಳು ಅಂದ್ರ ಹೆಂಗ?

ಈಗ ಕ್ರೀಮಿನ ಮಾತಿಗಿ ಬರ್ತೀನಿ. ಮೂರು ಥರದ ಟ್ಯೂಬು ತಂದು ಮಾಡಿ ನೋಡೀನಿ. ಒಂದು ನಿಂಬಿಹಣ್ಣಿನ ವಾಸನಿದು, ಒಂದು ಮೆಂಥಾಲಿಂದು, ಒಂದು ಗಂಧದ್ದು. ನಿಂಬಿದು ಹಚ್ಚೋ ಮುಂದ ಚೊಲೊ ಇರ್ತದ, ತಾಸೊಪ್ಪತ್ತಿನಾಗ ವಾಸನಿ ಹಾರಿ ಹೋಗ್ತದ. ಮೆಂಥಾಲಿಂದು ಮುದುಕರಿಗಿ ಬ್ಯಾಡೇ ಬ್ಯಾಡ. ಅದು ಚರ್ಮ ತಂಪು ಮಾಡಲ್ಲ, ತಂಪು ಆಯ್ತು ಅಂತ ನರಕ್ಕ ಭಾಸ ಮಾಡಿಸ್ತದ ಅಷ್ಟೇ. ಮಾವೋರ ಕಣ್ಣಾಗ ನೀರು ಬಂತು. ಗಂಧದ್ದು ಮಾತ್ರ ಚಂಜಿತನಾ ಉಳೀತು. ಅವತ್ತು ಒಂದು ಗಲ್ಲ ಮುಗದ ಮ್ಯಾಲ ಅವರೇ ಮುಖ ತಿರುಗಿಸಿ ಇನ್ನೊಂದು ಗಲ್ಲ ಕೊಟ್ಟರು. ಆಮ್ಯಾಲ ಎಡಗೈಲೆ ಸನ್ನಿ ಮಾಡಿ ಕನ್ನಡಿ ಕೇಳಿದರು. ಸೋಪಿನ ತುಂಡಿನಾಗ ಮಾಡಿದ ದಿನ ಒಮ್ಮೆನೂ ಕನ್ನಡಿ ಕೇಳಿದ್ದಿಲ್ಲ.

ಭಾಲ್ಕಿದಾಗಿನ ನಮ್ಮ ವೈನಿ ಕೇಳಿದರು, "ಖುಷ್ಬು ಇದ್ರ ದಾಡಿ ಮೆತ್ತಗ ಆಗ್ತದೇನ?" ಇಲ್ಲ, ಆಗಲ್ಲ. ಟ್ಯೂಬಿನ ಹಿಂದ ಓದ್ರಿ. ಸ್ಟಿಯರಿಕ್ ಆಸಿಡ್, ಪೊಟ್ಯಾಶಿಯಂ ಹೈಡ್ರಾಕ್ಸೈಡ್, ಗ್ಲಿಸರಿನ್, ನೀರು ಅಂತ ಇರ್ತದ. ಅಂದ್ರ ಅದೂ ಒಂದು ಮೆತ್ತನ ಸೋಪೇ. ವಾಸನಿ ಹೆಸರು ಸಾಮಾನ್ಯವಾಗಿ ಪಟ್ಟಿದಾಗ ಕಡೀಕ ಬರ್ತದ. ದಾಡಿ ಕೂದಲಾ ಮೆತ್ತಗ ಮಾಡೋದು ನೀರು. ಒಣ ಕೂದಲಾ ತಂತಿ ಇದ್ದಂಗ ಬಿರಸು, ಎರಡು ಮೂರು ಮಿನಿಟು ಬೆಚ್ಚನ ನೀರು ಕುಡದ್ರ ಮೆತ್ತಗಾಗ್ತದ. ನೊರಿ ಕೆಲಸ ಆ ನೀರನ್ನ ಅಲ್ಲೇ ಹಿಡಿದು ಇಡೋದು, ಬ್ಲೇಡು ಜಾರಂಗ ಮಾಡೋದು.

ಹಂಗಾದ್ರ ಖುಷ್ಬು ಯಾಕ ಬೇಕು? ಹಾಸಿಗಿ ಹಿಡಿದೋರ ಖೋಲಿ ವಾಸನಿ ಎಂಥಾದ್ದು ಅಂತ ಸೇವಾ ಮಾಡೋರಿಗಿ ಗೊತ್ತು. ಫಿನಾಯಿಲು, ತಿಕ್ಕೋ ಎಣ್ಣಿ, ಗುಳಗಿ, ಒದ್ದಿ ಚಾದರ. ಮೊಮ್ಮಕ್ಕಳು ಬಾಗಲದಾಗೇ ನಿಂತು "ಮುತ್ಯಾ, ಹೆಂಗಿದ್ದಿ" ಅಂತ ಕೇಳಿ ಓಡಿ ಹೋಗ್ತಾವ. ಮುದುಕರಿಗಿ ಅದು ತಿಳಿಯಲ್ಲ ಅನ್ಕೋಬ್ಯಾಡ್ರಿ, ಎಲ್ಲಾ ತಿಳೀತದ. ದಾಡಿ ಆಗಿ ಗಲ್ಲ ಗಂಧ ಗಂಧ ಅಂದ ದಿನ ಆ ಕೂಸುಗಳು ಬಾಜೂಕ ಬಂದು ಕುಂಡ್ರತಾವ. ಖುಷ್ಬಿನ ಕೆಲಸ ಇದು. ಬೀದರ ಹಳೇ ಊರಾಗ, ಚೌಬಾರದ ಕಡಿ, ಕಿವಿಯಾಗ ಅತ್ತರಿನ ಹತ್ತಿ ಇಟ್ಕೊಂಡು ಹೋಗೋ ಬಿಳಿ ದಾಡಿ ಹಿರಿಯರನ್ನ ನಾವೆಲ್ಲ ನೋಡೀವಿ. ಅವರಿಗಿ ಯಾರೂ "ಈ ವಯಸ್ಸಿನಾಗ ಯಾಕ" ಅಂತ ಕೇಳಿದ್ದಿಲ್ಲ. ನಮ್ಮ ಮನಿ ಹಿರಿಯರಿಗಿ ಯಾಕ ಕೇಳಬೇಕು?

"ಖರ್ಚು" ಅನ್ನೋರಿಗಿ ಒಂದು ಲೆಕ್ಕ. 70 ಗ್ರಾಮಿನ ಟ್ಯೂಬು, ಒಂದು ದಾಡಿಗಿ ಶೇಂಗಾ ಬೀಜದಷ್ಟು, ಅಂದ್ರ ಹೆಚ್ಚು ಕಡಿಮಿ 1 ಗ್ರಾಮು. 70 ದಾಡಿ ಆಗ್ತಾವ. ವಾರಕ್ಕ ಎರಡು ಸಲ ಅಂದ್ರ 35 ವಾರ, ಎಂಟು ತಿಂಗಳು. ಒತ್ತಿದ್ರ ನೊರಿ ಬರೋ ಡಬ್ಬಿ ತುಟ್ಟಿ, ಅದು ಬ್ಯಾಡ. ಟ್ಯೂಬು ಮತ್ತ ಮೆತ್ತನ ಬ್ರಶ್ಶು ಸಾಕು. ಬ್ರಶ್ಶು ತಿರುಗಿಸೋ ಮುಂದ ಮುಖಕ್ಕ ಜರಾ ಮಾಲೀಶ್ ಆದಂಗ ಆಗ್ತದ, ಮುದುಕರಿಗಿ ಅದೂ ಹಿತ.

ಮಾಡೋ ಮುಂದ ಇಷ್ಟು ನೆನಪಿಡ್ರಿ. ಹೊಸ ಕ್ರೀಮು ಮೊದಲು ಮೊಳಕೈ ಒಳಗಡಿ ಹಚ್ಚಿ ತೊಳದು ಒಂದು ದಿನ ನೋಡ್ರಿ, ಕೆಂಪಾದ್ರ, ತುರಿಸಿದ್ರ ಬಿಟ್ಟುಬಿಡ್ರಿ. ಖುಷ್ಬು ಕೆಲವರ ಚರ್ಮಕ್ಕ ಆಗಿ ಬರಲ್ಲ. ದಮ್ಮಿದ್ದೋರಿಗಿ ಖಾರ ವಾಸನಿದು ಬ್ಯಾಡ. ತಲಿ ಕಡಿ ಎತ್ತರ ಮಾಡಿ ಕುಂಡ್ರಿಸ್ರಿ, ಲಕ್ವಾ ಆದೋರಿಗಿ ನುಂಗೋ ತ್ರಾಸ ಇರ್ತದ, ನೊರಿ ಬಾಯಾಗ ಹೋಗಬಾರದು. ಬಿದ್ದ ಕಡಿ ಗಲ್ಲಕ್ಕ ಕೊಯ್ದಿದ್ದು ತಿಳಿಯದೇ ಇರಬಹುದು, ರಕ್ತ ತೆಳು ಮಾಡೋ ಗುಳಗಿ ನಡದಿದ್ರ ರಕ್ತ ಲಗೂ ನಿಲ್ಲಲ್ಲ. ಅದಕ್ಕ ಎಡಗೈಲೆ ಚರ್ಮ ಬಿಗಿ ಹಿಡಿದು, ಕೂದಲಾ ಬೆಳೆದ ದಿಕ್ಕಿಗೇ ಹಗೂರಕ ಎಳೀರಿ. ಉಲ್ಟಾ ಎಳೀಬ್ಯಾಡ್ರಿ. ಸಣ್ಣ ಗಾಯಕ್ಕ ಫಿಟ್ಕರಿ, ಅದಕ್ಕೇ ಕೆಲವರು ತುರಟಿ ಅಂತಾರ, ಒದ್ದಿ ಮಾಡಿ ಹಚ್ಚಿದ್ರ ನಿಲ್ತದ. ಮತ್ತ ಯಾವ ಬೋರಿನ ನೀರಾಗ ತೊಗರಿಬ್ಯಾಳಿ ಲಗೂ ಬೇಯಲ್ಲ, ಆ ನೀರಾಗ ನೊರಿನೂ ನಿಲ್ಲಲ್ಲ. ಎರಡಕ್ಕೂ ಕಾರಣ ನೀರಿನಾಗಿನ ಸುಣ್ಣದಂಶ. ಒಂದು ಚರಗಿ ಕುಡಿಯೋ ನೀರು ಕಾಸ್ರಿ.

ಕಡೀಕ ಒಂದು ಮಾತು, ಇದು ಗಂಡಸರಿಗೂ ಓದಿ ಹೇಳ್ರಿ. ಸೇವಾ ಅಂದ್ರ ಬರೀ ಸೊಸಿ ಪಾಲಿಗಿ ಯಾಕ? ಅಪ್ಪನ ದಾಡಿ ಮಗ ಮಾಡಿದ್ರ ಅಪ್ಪಗ ಅರ್ಧ ನಾಚಿಕಿ ಅಲ್ಲೇ ಕಡಿಮಿ ಆಗ್ತದ. ದಿನಾ ಕನ್ನಡಿ ಮುಂದ ನಿಂತು ಸ್ವಂತ ಗಲ್ಲ ಕೆರಕೊಳ್ಳೋ ಕೈಗಿ ಅಪ್ಪನ ಗಲ್ಲ ಕಠಿಣ ಅಲ್ಲ. ಐತವಾರದ್ದು ಮಗನ ಪಾಳಿ, ಬುಧವಾರದ್ದು ನಮ್ಮದು ಅಂತ ನಮ್ಮ ಮನಿಯಾಗ ಹಚ್ಚೀನಿ. ಮೊದಲ ಎರಡು ವಾರ ಗುರ್ ಅಂದರು, ಈಗ ತಾವೇ ನೀರು ಕಾಸ್ತಾರ. ನೀವೂ ಹಚ್ಚಿ ನೋಡ್ರಿ. ಮುಂದಿನ ತಿಂಗಳು ಕಿರಾಣಿ ಚೀಟಿ ಬರಿಯೋ ಮುಂದ ಬ್ಯಾಳಿ, ಬೆಲ್ಲದ ಕೆಳಗ ಗಂಧದ ದಾಡಿ ಕ್ರೀಮು ಅಂತ ಬರೀರಿ, ಬಾಜೂಕ ಮಾವೋರ ಹೆಸರು ಹಾಕ್ರಿ. ಇಲ್ಲಂದ್ರ ಮಗ ಅದನ್ನ ತನ್ನ ಕಪಾಟಿನಾಗ ಇಟ್ಕೋತಾನ.